ರಸ್ತೆ ಅಗೆಯುವ ಮುಂಚೆ ಕೇಳಬೇಕಾದ ಮಾತು

(ಹನುಮಂತನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಡಾವಣೆಯವರ ಮುಂದೆ ಸಮುದಾಯ ಟಿವಿ, ಅಂದರೆ ಬೀದಿಯ ಜನರದೇ ಟಿವಿ ಚಾನೆಲ್, ಬಗ್ಗೆ ಆಡಿದ ಮಾತು ಇದು. ಬರೆಯುವಾಗ ಸ್ವಲ್ಪ ಒಪ್ಪ ಮಾಡಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ಕೈಗೆ ಒಂದೊಂದು ಚೀಟಿ ಬಂದಿದೆ. "ನಿಮ್ಮ ಮನೆ ಟಿವಿಯಲ್ಲಿ ನಿಮ್ಮ ಬೀದಿಗೆ ಅಂತಲೇ ಒಂದು ಚಾನೆಲ್ ಇದ್ದರೆ ಅದರಲ್ಲಿ ಏನು ಬರಬೇಕು?" ಒಂದೇ ಸಾಲು ಬರೆಯಿರಿ, ಹೆಸರು ಬೇಡ. ಕೊನೆಯಲ್ಲಿ ಓದೋಣ.

ನನ್ನನ್ನು ಮಾಧ್ಯಮದ ಬಗ್ಗೆ ತಿಳಿದವರು ಅಂತ ಪರಿಚಯ ಮಾಡಿದರು. ನಾನು ಈ ವಿಷಯಕ್ಕೆ ಬಂದದ್ದು ತಾರಸಿ ಮೇಲಿಂದ. 1990ರ ದಶಕದಲ್ಲಿ ಕಾಲೇಜು ಓದುತ್ತಾ ಸಂಜೆ ಹೊತ್ತು ಒಬ್ಬ ಕೇಬಲ್ ಆಪರೇಟರ್ ಹತ್ತಿರ ಕೆಲಸಕ್ಕಿದ್ದೆ. ತಿಂಗಳ ಮೊದಲ ವಾರ ಮನೆ ಮನೆಗೆ ಹೋಗಿ ವಸೂಲಿ. ಉಳಿದ ದಿನ ತಾರಸಿಯಿಂದ ತಾರಸಿಗೆ ವೈರ್ ಎಳೆಯುವುದು. ಮಳೆ ಬಂದರೆ ಆಂಪ್ಲಿಫೈಯರ್ ಡಬ್ಬಿಗೆ ಪ್ಲಾಸ್ಟಿಕ್ ಕವರ್ ಕಟ್ಟುವುದು. "ಕೇಬಲ್ ಹುಡುಗ ಬಂದ" ಅಂತಲೇ ಕರೆಯುತ್ತಿದ್ದರು. ನನಗೂ ಒಂದು ಹೆಸರಿದೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ನಮ್ಮ ಕಂಟ್ರೋಲ್ ರೂಮ್ ಅಂದರೆ ಹತ್ತಡಿ ಕೋಣೆ. ಮೇಲೆ ಡಿಶ್, ಒಳಗೆ ರಿಸೀವರ್‌ಗಳ ಸಾಲು, ಒಂದೊಂದು ಚಾನೆಲ್‌ಗೂ ಒಂದೊಂದು ಮಾಡ್ಯುಲೇಟರ್, ಅಂದರೆ ಚಿತ್ರವನ್ನು ವೈರಿಗೆ ಏರಿಸುವ ಡಬ್ಬಿ. ಅದರಲ್ಲಿ ಒಂದು ಮಾಡ್ಯುಲೇಟರ್ ನಮ್ಮದೇ. ಅದಕ್ಕೆ ವಿಸಿಆರ್ ಸಿಕ್ಕಿಸಿ ರಾತ್ರಿ ಒಂದು ಸಿನಿಮಾ ಹಾಕುತ್ತಿದ್ದೆವು. ಹಕ್ಕುಗಿಕ್ಕು ಅಂತ ಯಾರೂ ಕೇಳುತ್ತಿರಲಿಲ್ಲ, ನಾವೂ ಜಾಣ ಕಿವುಡರಾಗಿದ್ದೆವು. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ಶಾಲೆ ಮಕ್ಕಳ ವಾರ್ಷಿಕೋತ್ಸವ, ಅಣ್ಣಮ್ಮನ ಉತ್ಸವ ಎಲ್ಲ ಅದರಲ್ಲೇ ಬರುತ್ತಿತ್ತು. ಮಗುವಿನ ಹುಟ್ಟುಹಬ್ಬಕ್ಕೆ ಫೋಟೋ ತಂದುಕೊಟ್ಟರೆ ಅದನ್ನೂ ತೋರಿಸುತ್ತಿದ್ದೆವು.

ನಮ್ಮ ಕೋಣೆಗೆ ದಿನಾ ಕಾಫಿಗೆ ಬರುತ್ತಿದ್ದವರು ಒಬ್ಬರಿದ್ದರು. ನೀರಿನ ವಾಲ್ವ್ ತಿರುಗಿಸುವವರು. ಯಾವ ಬೀದಿಗೆ ಯಾವಾಗ ನೀರು ಅನ್ನುವುದು ಅವರ ತಲೆಯಲ್ಲಿತ್ತು. ಒಂದು ಬೇಸಿಗೆಯಲ್ಲಿ ಅವರು ಹೇಳಿದ್ದನ್ನು ನಾನು ಸುಮ್ನೆ ತಮಾಷೆಗೆ ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಮದುವೆ ವಿಡಿಯೋದವನ ಕ್ಯಾಮೆರಾ ಅಲ್ಲೇ ಇತ್ತು. ಅದರ ಮುಂದೆ ಸ್ಲೇಟು ನಿಲ್ಲಿಸಿದೆ. "ನಾಳೆ ನೀರು ಬರಲ್ಲ. ನಾಡಿದ್ದು ಬೆಳಗ್ಗೆ 5ಕ್ಕೆ." ಹತ್ತು ನಿಮಿಷ ಆಗಿರಲಿಲ್ಲ, ಬೀದಿ ತುಂಬಾ ಡ್ರಮ್ಮು, ಬಿಂದಿಗೆ ತುಂಬುವ ಸದ್ದು. ಆಮೇಲೆ ಆ ಸ್ಲೇಟು ನಮ್ಮ ಚಾನೆಲ್‌ನ ಖಾಯಂ ಕಾರ್ಯಕ್ರಮ ಆಯಿತು. ಒಂದು ದಿನ ಹಾಕದಿದ್ದರೆ ಮನೆ ಬಾಗಿಲಿಗೇ ಬಂದು ಬೈಯುತ್ತಿದ್ದರು.

ಸಮುದಾಯ ಟಿವಿ ಅಂದರೆ ಏನು ಅಂತ ಯಾರು ಕೇಳಿದರೂ ನನಗೆ ಮೊದಲು ನೆನಪಾಗುವುದು ಆ ಸ್ಲೇಟೇ. ಅದು ಹೇಗೋ ಆಯಿತು, ಹೇಗೋ ಹೋಯಿತು. ಯಾರೂ ಯೋಜನೆ ಮಾಡಿರಲಿಲ್ಲ. ಇದನ್ನೇ ಯೋಜನೆ ಮಾಡಿ, ಕರಾರಿನಲ್ಲಿ ಬರೆಸಿ, ದುಡ್ಡು ಎತ್ತಿಟ್ಟು ನಡೆಸಿದ ಊರುಗಳಿವೆ. ಅವರ ಕಥೆ ಹೇಳಲು ಅಮೆರಿಕಕ್ಕೆ ಹೋಗಬೇಕು. ಬೇಗ ವಾಪಸ್ ಬರೋಣ.

ಅಲ್ಲಿ ಕೇಬಲ್ ಕಂಪನಿ ರಸ್ತೆ ಕೆಳಗೆ ಅಥವಾ ಕಂಬದ ಮೇಲೆ ವೈರ್ ಎಳೆಯಬೇಕಾದರೆ ಊರಿನ ಆಡಳಿತದ ಜೊತೆ ಕರಾರು ಮಾಡಿಕೊಳ್ಳಬೇಕಿತ್ತು. ರಸ್ತೆ ಊರಿನದು. "ನಮ್ಮ ರಸ್ತೆ ಬಳಸಿ ನೀವು ದುಡ್ಡು ಮಾಡುತ್ತೀರಿ, ನಮಗೇನು ಕೊಡುತ್ತೀರಿ?" ಅಂತ ಊರು ಕೇಳಿತು. 1970ರಲ್ಲಿ ನ್ಯೂಯಾರ್ಕ್ ನಗರ ಮ್ಯಾನ್‌ಹಟನ್‌ಗೆ ಕೇಬಲ್ ಪರವಾನಗಿ ಕೊಡುವಾಗ ಜನರ ಬಳಕೆಗೆ ಚಾನೆಲ್ ಬಿಟ್ಟುಕೊಡಬೇಕು ಅಂತ ಬರೆಸಿಕೊಂಡಿತು. 1971ರ ಜುಲೈನಲ್ಲಿ ಆ ಚಾನೆಲ್‌ಗಳು ಶುರುವಾದವು. ಯಾರು ಬೇಕಾದರೂ ಬರಬಹುದು, ಸರದಿ ಪ್ರಕಾರ ಸಮಯ. ಅದೇ ಹೊತ್ತಿಗೆ ಹೆಗಲಿಗೆ ಹಾಕಿಕೊಂಡು ಓಡಾಡಬಹುದಾದ ವಿಡಿಯೋ ಉಪಕರಣವೂ ಮಾರುಕಟ್ಟೆಗೆ ಬಂದಿತ್ತು. ಸೋನಿಯ ಪೋರ್ಟಾಪ್ಯಾಕ್. ಅದಿಲ್ಲದೆ ಇದ್ದಿದ್ದರೆ ಚಾನೆಲ್ ಖಾಲಿ ಇರುತ್ತಿತ್ತು ಅಂತ ನನ್ನ ಅನಿಸಿಕೆ.

1984ರಲ್ಲಿ ಅಲ್ಲಿ ಕೇಬಲ್ ಕಾಯ್ದೆ ಬಂತು. ಅದರ ಪ್ರಕಾರ ಊರು ಮೂರು ಬಗೆಯ ಚಾನೆಲ್ ಕೇಳಬಹುದು: ಜನರಿಗೆ ಒಂದು, ಶಿಕ್ಷಣಕ್ಕೆ ಒಂದು, ಸ್ಥಳೀಯ ಆಡಳಿತಕ್ಕೆ ಒಂದು. ಜೊತೆಗೆ ಕೇಬಲ್‌ನಿಂದ ಬರುವ ಒಟ್ಟು ಆದಾಯದಲ್ಲಿ ಶೇ. 5ರವರೆಗೆ ಶುಲ್ಕ ತೆಗೆದುಕೊಳ್ಳಬಹುದು. ಆ ಚಾನೆಲ್‌ಗಳಲ್ಲಿ ಏನು ಬರಬೇಕು, ಏನು ಬರಬಾರದು ಅಂತ ಕಂಪನಿ ಕತ್ತರಿ ಆಡಿಸುವ ಹಾಗಿಲ್ಲ.

ನನಗೆ ಆ ಕಾಯ್ದೆಯಲ್ಲಿ ತುಂಬಾ ಇಷ್ಟವಾದ ಭಾಗ ಬೇರೆ. ಕರಾರು ಮುಗಿಯುವುದಕ್ಕೆ ಮೂರು ವರ್ಷ ಮುಂಚೆಯೇ ಊರು ಕೂತು ಒಂದು ಲೆಕ್ಕ ಹಾಕಬಹುದು. ನಮ್ಮ ಜನಕ್ಕೆ ಮುಂದೆ ಕೇಬಲ್‌ನಿಂದ ಏನು ಬೇಕು ಅನ್ನುವ ಲೆಕ್ಕ. ಸಭೆ ಕರೆಯುತ್ತಾರೆ. ಶಾಲೆಯವರನ್ನು, ಲೈಬ್ರರಿಯವರನ್ನು, ಅಗ್ನಿಶಾಮಕದವರನ್ನು, ಕಿವಿ ಕೇಳದವರನ್ನು, ವಯಸ್ಸಾದವರನ್ನು ಕೇಳುತ್ತಾರೆ. ವೈರ್ ಹೇಗಿದೆ ಅಂತ ಎಂಜಿನಿಯರ್ ಹತ್ತಿರ ನೋಡಿಸುತ್ತಾರೆ. ಆಮೇಲೆ ಆ ವರದಿ ಹಿಡಿದುಕೊಂಡು ಕಂಪನಿ ಮುಂದೆ ಕೂರುತ್ತಾರೆ. ಕೆಲವು ಊರುಗಳು ಚಾನೆಲ್ ಜೊತೆಗೆ ಶಾಲೆ, ಲೈಬ್ರರಿ, ಕಚೇರಿಗಳನ್ನು ಜೋಡಿಸುವ ಬೇರೆ ಜಾಲವನ್ನೇ ಕೇಳಿ ಪಡೆದವು. ಮೂರು ವರ್ಷ ಮುಂಚೆ ಕೂತು ಯೋಚಿಸುವುದು! ನಮ್ಮಲ್ಲಿ ರಸ್ತೆ ಅಗೆಯುವ ವಿಷಯ ನಮಗೆ ಗೊತ್ತಾಗುವುದು ಜೆಸಿಬಿ ಸದ್ದು ಕೇಳಿದಾಗ, ಅಲ್ವಾ?

ಹಾಗಂತ ಅಲ್ಲಿ ಎಲ್ಲಾ ಚೆನ್ನಾಗಿತ್ತು ಅಂದುಕೊಳ್ಳಬೇಡಿ. ಅವರು ಮಾಡಿದ ಒಂದು ಎಡವಟ್ಟು ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ಶೇ. 5ರ ಮಿತಿಯ ಮೇಲೆ ಸ್ಟುಡಿಯೋ ಮತ್ತು ಉಪಕರಣಕ್ಕೆ ಬೇರೆ ದುಡ್ಡು ಕೇಳಲು ಕಾನೂನಿನಲ್ಲಿ ದಾರಿ ಇತ್ತು. ಆದರೆ ಆ ದುಡ್ಡನ್ನು ಸಂಬಳಕ್ಕೆ ಬಳಸುವ ಹಾಗಿಲ್ಲ. ಸಂಬಳ ಶೇ. 5ರ ಒಳಗಿಂದಲೇ ಬರಬೇಕು. ಆ ಶೇ. 5 ಹೋಗುವುದು ಊರಿನ ಬೊಕ್ಕಸಕ್ಕೆ. ಅಲ್ಲಿ ಚರಂಡಿಗೂ ಅದೇ ದುಡ್ಡು, ದೀಪಕ್ಕೂ ಅದೇ ದುಡ್ಡು. ಹೀಗಾಗಿ ಒಳ್ಳೆ ಕ್ಯಾಮೆರಾ ಇದ್ದು, ಅದನ್ನು ಹಿಡಿಯಲು ಕಲಿಸುವ ಮನುಷ್ಯನಿಗೆ ಸಂಬಳ ಇಲ್ಲದ ಸ್ಥಿತಿ ಬರಬಹುದು. ನಮ್ಮ ಪಾರ್ಕುಗಳ ವ್ಯಾಯಾಮದ ಉಪಕರಣ ನೋಡಿದ್ದೀರಲ್ಲ. ತಂದು ನಿಲ್ಲಿಸುವುದಕ್ಕೆ ದುಡ್ಡಿರುತ್ತದೆ. ಎಣ್ಣೆ ಬಿಡುವುದಕ್ಕೆ ಇರುವುದಿಲ್ಲ.

ಆಮೇಲೆ ಇನ್ನೊಂದು ಪೆಟ್ಟು. 2005ರಲ್ಲಿ ಟೆಕ್ಸಸ್, 2006ರಲ್ಲಿ ಕ್ಯಾಲಿಫೋರ್ನಿಯಾ, ಹೀಗೆ ಹಲವು ರಾಜ್ಯಗಳು ಪರವಾನಗಿ ಕೊಡುವ ಅಧಿಕಾರವನ್ನು ಊರುಗಳಿಂದ ಕಿತ್ತು ರಾಜ್ಯದ ಕೈಗೆ ಕೊಟ್ಟವು. ಚೌಕಾಸಿ ಮಾಡುವ ಶಕ್ತಿಯೇ ಹೋಯಿತು. ಈಗ ಜನ ಕೇಬಲ್ ಬಿಟ್ಟು ಇಂಟರ್ನೆಟ್ ಕಡೆ ಹೋಗುತ್ತಿದ್ದಾರೆ. ಕೇಬಲ್ ಆದಾಯ ಇಳಿದರೆ ಅದರ ಶೇ. 5 ಕೂಡ ಇಳಿಯುತ್ತದೆ. ಅಷ್ಟು ಸಾಕು, ವಾಪಸ್ ಬರೋಣ.

ನಮ್ಮ ಸ್ಲೇಟು ಹೇಗೆ ಹೋಯಿತು? ಹಳೆ ಅನಲಾಗ್ ಕಾಲದಲ್ಲಿ ಬೀದಿ ಆಪರೇಟರ್ ಹತ್ತಿರ ಒಂದು ಮಾಡ್ಯುಲೇಟರ್ ಇದ್ದರೆ ಸಾಕಿತ್ತು, ಅವನದೇ ಚಾನೆಲ್. ಡಿಜಿಟಲ್ ಬಂದಾಗ ಎರಡನೇ ಹಂತದ 38 ನಗರಗಳಲ್ಲಿ ಬೆಂಗಳೂರು, ಮೈಸೂರು ಸೇರಿದ್ದವು. 2013ರ ಮಾರ್ಚ್ 31 ಗಡುವು. ಅಲ್ಲಿಂದ ಮುಂದೆ ಎಲ್ಲಾ ಚಾನೆಲ್‌ಗಳೂ ದೊಡ್ಡ ಕಂಪನಿಯ ಹೆಡ್‌ಎಂಡ್‌ನಲ್ಲೇ, ಅಂದರೆ ಅವರ ಮುಖ್ಯ ಕಂಟ್ರೋಲ್ ರೂಮಿನಲ್ಲೇ, ಕಟ್ಟಿ, ಬೀಗ ಹಾಕಿ ಬರುತ್ತವೆ. ಬೀಗ ತೆಗೆಯುವುದು ನಿಮ್ಮ ಮನೆಯ ಸೆಟ್ ಟಾಪ್ ಬಾಕ್ಸ್. ಮಧ್ಯದಲ್ಲಿ ಕೂತ ಬೀದಿ ಆಪರೇಟರ್ ಬರೀ ವೈರ್ ನೋಡಿಕೊಳ್ಳುವವನಾದ. ಅವನ ಹತ್ತಡಿ ಕೋಣೆಯಿಂದ ಒಂದು ಸ್ಲೇಟನ್ನೂ ಒಳಗೆ ತೂರಿಸಲು ಆಗುವುದಿಲ್ಲ. ಚಿತ್ರ ಚೆನ್ನಾಗಾಯಿತು, ಚಾನೆಲ್ ಜಾಸ್ತಿಯಾಯಿತು. ಅದು ಸುಳ್ಳಲ್ಲ. ನಮ್ಮ ಬೀದಿ ಮಾತ್ರ ಟಿವಿಯಿಂದ ಆಚೆ ಹೋಯಿತು.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಕೇಳಿದ: "ಸರ್, ಹಾಗಾದ್ರೆ ನಮ್ಮ ಪಾಲಿಕೆನೇ ಒಂದು ಚಾನೆಲ್ ಶುರು ಮಾಡ್ಬಹುದಲ್ವಾ?"

ಆಗುವುದಿಲ್ಲ ಮರಿ. ನಮ್ಮ ಸಂವಿಧಾನದಲ್ಲಿ ಪ್ರಸಾರ ಅನ್ನುವುದು ಕೇಂದ್ರದ ಪಟ್ಟಿಯ ವಿಷಯ. 1995ರ ಕೇಬಲ್ ಕಾಯ್ದೆ ಪ್ರಕಾರ ಬೀದಿ ಆಪರೇಟರ್ ಹೋಗಿ ನೋಂದಾಯಿಸಿಕೊಳ್ಳಬೇಕಾಗಿದ್ದದ್ದು ಹೆಡ್ ಪೋಸ್ಟ್ ಆಫೀಸಿನಲ್ಲಿ, 2025ರ ಜನವರಿಯಿಂದ ಕೇಂದ್ರದ ವಾರ್ತಾ ಇಲಾಖೆಯಲ್ಲಿ, ಆನ್‌ಲೈನ್. ಪಾಲಿಕೆಗೆ ಅಲ್ಲಿ ಜಾಗವೇ ಇಲ್ಲ. ಸರ್ಕಾರಗಳು, ಸ್ಥಳೀಯ ಸಂಸ್ಥೆಗಳು ಪ್ರಸಾರಕ್ಕೆ ಇಳಿಯುವುದು ಬೇಡ ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2012ರಲ್ಲಿ ಶಿಫಾರಸು ಮಾಡಿತ್ತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರದ ವಾರ್ತಾ ಇಲಾಖೆ ಕೂಡ ಅದನ್ನೇ ಹೇಳಿತು. ಸರ್ಕಾರಿ ಇಲಾಖೆಗಳು ಪ್ರಸಾರ ಮಾಡಬೇಕೆಂದರೆ ಪ್ರಸಾರ ಭಾರತಿ ಮೂಲಕ ಮಾಡಲಿ ಅಂತ.

ನಿಜ ಹೇಳಲಾ? ಪಾಲಿಕೆ ಚಾನೆಲ್ ಇಲ್ಲ ಅನ್ನುವುದು ನನಗೆ ಅಷ್ಟೇನೂ ಬೇಜಾರಿನ ವಿಷಯ ಅಲ್ಲ. ಇದ್ದಿದ್ದರೆ ಬೆಳಗಿಂದ ರಾತ್ರಿವರೆಗೆ ಗುದ್ದಲಿ ಪೂಜೆ ನೋಡಬೇಕಿತ್ತು.

ಆದರೆ ಪೂರ್ತಿ ಬಾಗಿಲು ಮುಚ್ಚಿಲ್ಲ. ಕಿಟಕಿ ಇದೆ. ಕೇಬಲ್ ಕಂಪನಿಗಳು ತಮ್ಮದೇ ಸ್ವಂತ ಚಾನೆಲ್ ನಡೆಸಬಹುದು. ನಿಯಮದ ಭಾಷೆಯಲ್ಲಿ ಇವಕ್ಕೆ ಪ್ಲಾಟ್‌ಫಾರ್ಮ್ ಸರ್ವೀಸ್ ಅನ್ನುತ್ತಾರೆ. 2022ರ ನವೆಂಬರ್ 30ರಂದು ಇವಕ್ಕೆ ಮಾರ್ಗಸೂಚಿ ಬಂತು. ಒಂದು ಚಾನೆಲ್‌ಗೆ ನೋಂದಣಿ ಶುಲ್ಕ 1,000 ರೂಪಾಯಿ. ಒಟ್ಟು ಚಾನೆಲ್ ಸಾಮರ್ಥ್ಯದಲ್ಲಿ ಶೇ. 5ರವರೆಗೆ ಇಂಥವು ಇರಬಹುದು. ಬಂದದ್ದನ್ನೆಲ್ಲ 90 ದಿನ ಇಟ್ಟುಕೊಂಡಿರಬೇಕು. ಸ್ಥಳೀಯ ಸುದ್ದಿ ಕೊಡಬೇಕಾದರೆ ಕಂಪನಿಯಾಗಿ ನೋಂದಣಿ ಆಗಿರಬೇಕು. ಸಾವಿರ ರೂಪಾಯಿ! ಒಂದು ಮದುವೆ ಮನೆಯ ಬಾಳೆ ಎಲೆ ಖರ್ಚಿಗಿಂತ ಕಡಿಮೆ. ಈ ಜಾಗದಲ್ಲಿ ಈಗ ಜಾಸ್ತಿ ಬರುವುದು ಹಳೆ ಸಿನಿಮಾ, ಹಾಡು, ಭಕ್ತಿ. ಜಾಗ ಇದೆ, ತುಂಬಿಸುವವರು ಬೇರೆ.

ನಮ್ಮ ಹತ್ತಿರದಲ್ಲೇ ಈ ಕಿಟಕಿಯನ್ನು ಎಷ್ಟೋ ಮುಂಚೆ ಬಳಸಿದವರಿದ್ದಾರೆ. ಕೋಲಾರ ಜಿಲ್ಲೆ, ಬಂಗಾರಪೇಟೆ ತಾಲ್ಲೂಕು, ಬೂದಿಕೋಟೆ. ಅಲ್ಲಿ 'ನಮ್ಮ ಧ್ವನಿ' ಅಂತ ಹಳ್ಳಿಯವರದೇ ರೇಡಿಯೋ. ಆಗ ಊರವರಿಗೆ ರೇಡಿಯೋ ಪರವಾನಗಿ ಸಿಗುತ್ತಿರಲಿಲ್ಲ. ಗಾಳಿಯಲ್ಲಿ ಬಿಡುವ ಹಾಗಿಲ್ಲ ತಾನೇ, ವೈರಿನಲ್ಲಿ ಬಿಡೋಣ ಅಂದರು. ಊರಿನ ಟಿವಿ ಕೇಬಲ್‌ನಲ್ಲೇ ಧ್ವನಿ ಹರಿಸಿದರು. ಜನ ಟಿವಿ ಹಾಕಿಕೊಂಡು ರೇಡಿಯೋ ಕೇಳಿದರು! ಎನ್‌ಜಿಓಗಳಿಗೂ ಸಮುದಾಯ ರೇಡಿಯೋ ನಡೆಸಲು ಅವಕಾಶ ಸಿಕ್ಕಿದ್ದು 2006ರ ನೀತಿಯಲ್ಲಿ. ಬೂದಿಕೋಟೆಯವರು ಅದಕ್ಕೂ ಮೊದಲೇ ಕೇಬಲ್‌ನಲ್ಲಿ ಮಾತಾಡಿ ಮುಗಿಸಿದ್ದರು. ಈ ಕಥೆ ಯಾಕೆ ನಮ್ಮ ಶಾಲೆಗಳಲ್ಲಿ ಹೇಳುವುದಿಲ್ಲವೋ ಗೊತ್ತಿಲ್ಲ. ಅದಕ್ಕೂ ಹಿಂದೆ, 1975–76ರಲ್ಲಿ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗದಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಸೇರಿದ್ದವು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಹೈದರಾಬಾದ್ ಕರ್ನಾಟಕದ ಹಳ್ಳಿ ನಮಗಿಂತ ಮೊದಲು ಟಿವಿ ನೋಡಿದೆ ಅಂದರೆ ನಮ್ಮ ಬೆಂಗಳೂರಿನವರು ಈಗಲೂ ನಂಬುವುದಿಲ್ಲ.

ಸರಿ, ಪಾಲಿಕೆ ಏನು ಮಾಡಬಹುದು? 2025ರ ಸೆಪ್ಟೆಂಬರ್ 2ರಿಂದ ನಮಗೆ ಒಂದಲ್ಲ, ಐದು ಪಾಲಿಕೆ. ಹೊಸ ಮನೆಗೆ ಹೋದಾಗ ಪ್ಲಗ್ ಪಾಯಿಂಟ್ ಎಲ್ಲಿ ಬೇಕು ಅಂತ ಗಾರೆ ಆರುವ ಮುಂಚೆ ಹೇಳಬೇಕು. ಆಮೇಲೆ ಗೋಡೆ ಒಡೆಯುವುದು ಕಷ್ಟ.

ಅಮೆರಿಕದವರ ಹಾಗೆ ಆದಾಯದಲ್ಲಿ ಪಾಲು ಕೇಳಲು ನಮ್ಮ ಪಾಲಿಕೆಗೆ ಆಗದು. ರಸ್ತೆಯಲ್ಲಿ ವೈರ್ ಹಾಕಲು ಎಷ್ಟು ಶುಲ್ಕ ತೆಗೆದುಕೊಳ್ಳಬಹುದು ಅನ್ನುವುದನ್ನು ಕೇಂದ್ರದ ನಿಯಮಗಳು ಬಿಗಿಯಾಗಿ ಕಟ್ಟಿವೆ. ಆದರೆ ಪಾಲಿಕೆಯ ಸ್ವಂತ ಆಸ್ತಿ ಇದೆಯಲ್ಲ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಕಡೆ ಟೆಂಡರ್ ಶ್ಯೂರ್ ಅನ್ನುವ ಯೋಜನೆಯಲ್ಲಿ ರಸ್ತೆ ಹೊಸದಾಗಿ ಮಾಡುವಾಗ ನೆಲದ ಕೆಳಗೆ ಕೇಬಲ್‌ಗೆ ಅಂತಲೇ ಡಕ್ಟ್, ಅಂದರೆ ಕೊಳವೆ ದಾರಿ, ಇಟ್ಟರು. ಅದು ಸಾರ್ವಜನಿಕ ದುಡ್ಡಿನಲ್ಲಿ ಆದದ್ದು. ಹೊಸ ಡಕ್ಟ್ ಹಾಕುವಾಗಲೇ ಒಂದು ಸಣ್ಣ ಕೊಳವೆ ಶಾಲೆಗೆ, ಲೈಬ್ರರಿಗೆ, ವಾರ್ಡ್ ಕಚೇರಿಗೆ ಅಂತ ಎತ್ತಿಡಬಹುದು. ಗುಂಡಿ ಹೇಗೂ ತೋಡಿರುತ್ತಾರೆ. ಮತ್ತೆ ತೋಡುವ ಖರ್ಚಿನ ಮುಂದೆ ಒಂದು ಖಾಲಿ ಕೊಳವೆಯ ಖರ್ಚು ಏನೂ ಅಲ್ಲ. ನಮ್ಮ ಮನೆ ಮುಂದಿನ ರಸ್ತೆಯನ್ನು ಒಂದೇ ವರ್ಷದಲ್ಲಿ ಮೂರು ಸಲ ಮೂರು ಜನ ಅಗೆದರು. ಮೂರು ಸಲವೂ ನಮಗೆ ಸಿಕ್ಕಿದ್ದು ಗುಂಡಿ ಮಾತ್ರ. ಉಳಿದ ಕೇಬಲ್ ಮರದಿಂದ ಮರಕ್ಕೆ ನೇತಾಡುತ್ತಿದೆ, ಫುಟ್‌ಪಾತ್‌ನಲ್ಲಿ ಹಾವಿನ ಹಾಗೆ ಸುತ್ತಿಕೊಂಡು ಬಿದ್ದಿದೆ.

ಇನ್ನೊಂದು, ಕೋಣೆ. ಪಾಲಿಕೆ ಕಟ್ಟಡಗಳಲ್ಲಿ ಬೀಗ ಹಾಕಿದ ಕೋಣೆಗಳಿಗೆ ಕೊರತೆ ಇಲ್ಲ. ಒಂದು ಕೋಣೆ, ಎರಡು ಕ್ಯಾಮೆರಾ, ಒಂದು ಕಂಪ್ಯೂಟರ್ ಸಾಕು. ಕಾರ್ಯಕ್ರಮ ಮಾಡುವುದಕ್ಕೆ ಪ್ರಸಾರದ ಪರವಾನಗಿ ಬೇಡ. ಪರವಾನಗಿ ಬೇಕಾಗುವುದು ಪ್ರಸಾರ ಮಾಡುವವನಿಗೆ. ಜನ ಮಾಡಿದ್ದನ್ನು ಕೇಬಲ್ ಕಂಪನಿ ತನ್ನ ಚಾನೆಲ್‌ನಲ್ಲಿ ದಿನಕ್ಕೆ ಎರಡು ಗಂಟೆ ಹಾಕಲಿ, ಇಂಟರ್ನೆಟ್‌ನಲ್ಲೂ ಇರಲಿ. ಆದರೆ ಬಜೆಟ್ ಬರೆಯುವಾಗ ಮೊದಲ ಸಾಲು ಕ್ಯಾಮೆರಾ ಆಗಬಾರದು. ಕಲಿಸುವ ಇಬ್ಬರಿಗೆ ಐದು ವರ್ಷದ ಸಂಬಳ, ಅದು ಮೊದಲ ಸಾಲು. ಅದಿಲ್ಲ ಅಂದರೆ ಆ ಕೋಣೆ ಮುಂದಿನ ಚುನಾವಣೆ ಹೊತ್ತಿಗೆ ಬ್ಯಾನರ್ ಇಡುವ ಗೋದಾಮು ಆಗಿರುತ್ತದೆ.

ಏನು ತೋರಿಸುತ್ತೀರಿ ಅಂತ ಕೇಳಬಹುದು. ವಾರ್ಡ್ ಸಮಿತಿ ಸಭೆ ತೋರಿಸಿ. ಯಾವ ಕತ್ತರಿಯೂ ಇಲ್ಲದೆ, ಪೂರ್ತಿ. ಬೋರ್ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ನಿಮ್ಮ ಬೀದಿ ಹೆಸರು ಬಂದಾಗ ಬೋರ್ ಆಗುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಮಗೆ ಕಾರ್ಪೊರೇಟರೇ ಇರಲಿಲ್ಲ. ಯಾರು ಎಲ್ಲಿ ಕೂತು ಏನು ತೀರ್ಮಾನ ಮಾಡಿದರು, ನಮಗೇನಾದರೂ ಗೊತ್ತಾ?

ಇಷ್ಟು ಹೊತ್ತಿಗೆ ನಿವೃತ್ತ ಅಧಿಕಾರಿಯೊಬ್ಬರು ಎದ್ದು ನಿಂತರು. "ನೀವು ಹೇಳೋದು ಚೆನ್ನಾಗಿದೆ. ಯಾರು ಬೇಕಾದರೂ ಬರಬಹುದು ಅಂದ್ರೆ ಬಾಯಿಗೆ ಬಂದದ್ದು ಮಾತಾಡೋರೂ ಬರ್ತಾರಲ್ಲ ಸ್ವಾಮಿ?"

ಬರುತ್ತಾರೆ ಸರ್. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ 1988ರಲ್ಲಿ ಹೀಗೇ ಆಯಿತು. ಕು ಕ್ಲುಕ್ಸ್ ಕ್ಲಾನ್‌ನವರು ಬಂದು ನಮಗೂ ಸಮಯ ಕೊಡಿ ಅಂದರು. ಕರಿಯರ ಮೇಲೆ ದ್ವೇಷ ಕಾರುವ ಗುಂಪು ಅದು. ನಗರಸಭೆ ದಿಗಿಲುಬಿದ್ದು ಜನರ ಚಾನೆಲನ್ನೇ ಮುಚ್ಚಿಬಿಟ್ಟಿತು. ವಿಷಯ ಕೋರ್ಟಿಗೆ ಹೋಯಿತು. 1989ರಲ್ಲಿ ನಗರಸಭೆ ಚಾನೆಲ್ ವಾಪಸ್ ಕೊಡಬೇಕಾಯಿತು. ಇಲಿಗೆ ಹೆದರಿ ಮನೆ ಸುಟ್ಟ ಕಥೆ. ನಮ್ಮಲ್ಲಿ ಕೇಬಲ್ ಕಾಯ್ದೆಯಲ್ಲಿ ಕಾರ್ಯಕ್ರಮ ಸಂಹಿತೆ ಇದೆ, ಏನು ತೋರಿಸಬಾರದು ಅಂತ ಅದರಲ್ಲಿ ಬರೆದಿದೆ. ನನಗೆ ಅದಕ್ಕಿಂತ ಜಾಸ್ತಿ ಭಯ ಬೇರೆ ಕಡೆ ಇದೆ. ಬಾಯಿಗೆ ಬಂದದ್ದು ಮಾತಾಡುವವನು ತಿಂಗಳಿಗೊಬ್ಬ ಬರಬಹುದು. "ಶಾಸಕರ ಕಡೆಯವರು" ದಿನಾ ಬರುತ್ತಾರೆ. ಅದಕ್ಕೇ ಸರದಿ ನಿಯಮ ಮೊದಲೇ ಬರೆದು ಬಾಗಿಲ ಮೇಲೆ ಅಂಟಿಸಿರಬೇಕು. ಮೊದಲು ಬಂದವರಿಗೆ ಮೊದಲು. ಅಧಿಕಾರಿಗೂ ಅದೇ ಸಾಲು, ಹೂ ಮಾರುವವರಿಗೂ ಅದೇ ಸಾಲು.

ಮುಂದಿನ ಸಾಲಿನ ಹುಡುಗ ಮತ್ತೆ ಕೈ ಎತ್ತಿದ. ಎಲ್ಲರ ಕೈಯಲ್ಲೂ ಯೂಟ್ಯೂಬ್ ಇರುವಾಗ ಈ ಕೇಬಲ್ ಯಾಕೆ ಅಂತ. ಅವನ ಪ್ರಶ್ನೆ ಸರಿಯಾಗಿದೆ. ಇನ್ನು ಹದಿನೈದು ವರ್ಷಕ್ಕೆ ಈ ವೈರ್ ಇರುತ್ತದೆ ಅಂತ ನಾನೂ ಪಣ ಕಟ್ಟುವುದಿಲ್ಲ. ಅದಕ್ಕೇ ನಾನು ಕೋಣೆ, ಕಲಿಸುವವರು, ಕೊಳವೆ ಅಂತ ಹೇಳಿದ್ದು. ಅವು ಮೂರೂ ಯಾವ ತಂತ್ರಜ್ಞಾನ ಬಂದರೂ ಕೆಲಸಕ್ಕೆ ಬರುತ್ತವೆ.

ಕೇಬಲ್ ಯಾಕೆ ಅನ್ನುವುದಕ್ಕೆ ನಾನು ಇನ್ನೂ ಏನೋ ಹೇಳುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಕೇಳಿದರು: "ಅಲ್ಲಪ್ಪಾ, ಆ ವಾಲ್ವ್‌ನೋರು ಈಗ ಎಲ್ಲಿದ್ದಾರೆ?"

ರಿಟೈರ್ ಆಗಿ ಎಷ್ಟೋ ವರ್ಷ ಆಯ್ತಮ್ಮ ಅಂದೆ.

"ಈಗ ನೀರು ಬರೋದು ಮೊಬೈಲ್‌ನಲ್ಲಿ ಹಾಕ್ತಾರಂತೆ, ಬೀದಿಯೋರ ಗುಂಪಿನಲ್ಲಿ. ನನ್ನ ಹತ್ರ ಇರೋದು ಬಟನ್ ಫೋನು. ಮೊಮ್ಮಗಳು ಆಫೀಸಿಂದ ಬಂದ್ಮೇಲೆ ಓದಿ ಹೇಳ್ತಾಳೆ. ಅಷ್ಟರಲ್ಲಿ ನೀರು ಬಂದು ಹೋಗಿರುತ್ತೆ. ಟಿವಿ ಮಾತ್ರ ಬೆಳಗಿಂದ ಹಾಕೇ ಇರುತ್ತೆ."

ಹುಡುಗ ಹಿಂದೆ ತಿರುಗಿ ನೋಡಿದ. ನಾನು ಹೇಳಬೇಕಾದ್ದು ಏನೂ ಉಳಿದಿರಲಿಲ್ಲ. ಚೀಟಿ ಓದಲು ಶುರು ಮಾಡಿದೆ.

ಮೂವತ್ತೊಂದು ಚೀಟಿ ಬಂದಿದ್ದವು. ಹದಿನಾಲ್ಕರಲ್ಲಿ ನೀರಿನ ಸಮಯ. ಆರರಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ. ಕಸದ ಗಾಡಿ ನಾಲ್ಕು. ಒಬ್ಬರು ಬೆಳಗಿನ ಸಂಗೀತ ಪಾಠ ಬೇಕು ಅಂದಿದ್ದರು. ಇನ್ನೊಬ್ಬರು, ಕಳೆದುಹೋದ ನಾಯಿ ಫೋಟೋ ಹಾಕ್ತೀರಾ ಅಂತ ಕೇಳಿ ಕೆಳಗೆ ನಾಯಿಯ ಹೆಸರನ್ನೂ ಬರೆದಿದ್ದರು. ಮೂರು ಚೀಟಿ ಖಾಲಿ. ಒಂದರಲ್ಲಿ "ಏನೂ ಬೇಡ, ಇರೋ ಚಾನೆಲ್ಲೇ ಸಾಕಾಗಿದೆ" ಅಂತ ಇತ್ತು. ಉಳಿದ ಒಂದರಲ್ಲಿ ವಾರ್ಡ್ ಸಭೆ ತೋರಿಸಿ ಅಂತ ಬರೆದಿತ್ತು. ಅದು ನಾನೇ ಬರೆದು ಹಾಕಿದ್ದು.